ಕಹಿಯ ಜಾಡು: ಗಿಡದೊಳಗಿನ ಆಲ್ಕಲಾಯ್ಡ್ ಹಿಡಿಯುವ ಕೆಲಸ

ಕಿರಾತಕಡ್ಡಿಯ ಬಳಗಕ್ಕೆ ಸೇರಿದ ಕಹಿ ಗಿಡಗಳಿಂದ ಜೆನ್ಷಿಯನೈನ್ ಎಂಬ ಆಲ್ಕಲಾಯ್ಡನ್ನು, ಅಂದರೆ ಸಾರಜನಕವಿರುವ ಕ್ಷಾರಗುಣದ ವಸ್ತುವನ್ನು, ರಸಾಯನವಿಜ್ಞಾನಿಗಳು ಮತ್ತೆ ಮತ್ತೆ ಹೊರತೆಗೆದರು. ಹರಳು ಕಟ್ಟಿತು, ರಚನೆ ತಿಳಿಯಿತು, ಹೆಸರು ಬಿತ್ತು, ಇಲಿಗಳ ಮೇಲೆ ಪರೀಕ್ಷೆಯೂ ಆಯಿತು. ಆಮೇಲೆ ಗೊತ್ತಾದದ್ದು ಬೇರೆಯೇ ಕತೆ. ಗಿಡದಲ್ಲಿ ಹೇರಳವಾಗಿದ್ದದ್ದು ಸಕ್ಕರೆಯ ಬಾಲ ಅಂಟಿಸಿಕೊಂಡ ಒಂದು ಬಗೆಯ ಕಹಿ ಸಂಯುಕ್ತಗಳು; ಅವುಗಳಲ್ಲಿ ಸಾರಜನಕದ ಸುಳಿವೇ ಇಲ್ಲ. ಸಾರ ತೆಗೆಯುವಾಗ ಸುರಿಯುತ್ತಿದ್ದ ಅಮೋನಿಯಾ ಅವುಗಳ ಜೊತೆ ಕೂಡಿಕೊಂಡು ಜೆನ್ಷಿಯನೈನ್ ಆಗುತ್ತಿತ್ತು. ಆಲ್ಕಲಾಯ್ಡ್ ಅನ್ನಿಸಿಕೊಳ್ಳಲು ಬೇಕಾದ ಆ ಒಂದು ಸಾರಜನಕ ಬಂದದ್ದು ಗಿಡದಿಂದಲ್ಲ, ಕಪಾಟಿನಲ್ಲಿದ್ದ ಸೀಸೆಯಿಂದ.

ಇಂಥ ಎಡವಟ್ಟು ಅಪರೂಪವೇನಲ್ಲ. ಗಿಡದಿಂದ ಆಲ್ಕಲಾಯ್ಡ್ ಬೇರ್ಪಡಿಸುವುದೆಂದರೆ ಅರೆ, ನೆನೆಸು, ಸೋಸು, ಆರಿಸು ಎಂಬ ಸರಳ ಕ್ರಮ ಎಂದು ಹೊರಗಿನಿಂದ ನೋಡಿದವರಿಗೆ ಅನ್ನಿಸುತ್ತದೆ. ಹೊರತೆಗೆಯುವ ವಿಧಾನಕ್ಕೆ ನಿಜಕ್ಕೂ ಇನ್ನೂರು ವರ್ಷ ವಯಸ್ಸಾಗಿದೆ, ಅದರ ತಿರುಳನ್ನು ಒಂದು ಪ್ಯಾರಾದಲ್ಲಿ ಹೇಳಿ ಮುಗಿಸಬಹುದು. ಕಷ್ಟ ಇರುವುದು ನಂಬುವುದರಲ್ಲಿ. ಕೈಗೆ ಬಂದ ಬಿಳಿ ಪುಡಿ ಗಿಡದ್ದೇ ಹೌದಾ? ಅದು ಒಂದೇ ವಸ್ತುವಾ? ಗಿಡದ ಸಾರ ತೋರಿಸುತ್ತಿದ್ದ ಪರಿಣಾಮಕ್ಕೆ ಇದೇ ಕಾರಣವಾ? ಈ ಕ್ಷೇತ್ರದ ಅರ್ಧ ಇತಿಹಾಸ ಈ ಮೂರು ಅನುಮಾನಗಳ ಇತಿಹಾಸ ಎಂದರೂ ನಡೆಯುತ್ತದೆ.

ಎರಡೂ ದಡದ ಅಣು

ಆಲ್ಕಲಾಯ್ಡ್ ಎಂಬ ಹೆಸರನ್ನು ಜರ್ಮನಿಯ ಔಷಧಿಕಾರ ಕಾರ್ಲ್ ಮೈಸ್ನರ್ 1819ರಲ್ಲಿ ಕೊಟ್ಟ. ಕ್ಷಾರದಂತೆ ವರ್ತಿಸುವುದು ಎಂದು ಅದರ ಅರ್ಥ. ಇಂಗಾಲದ ಚೌಕಟ್ಟಿನಲ್ಲಿ ಎಲ್ಲೋ ಒಂದು ಕಡೆ, ಬಹಳ ಸಲ ಉಂಗುರದೊಳಗೇ, ಒಂದು ಸಾರಜನಕದ ಪರಮಾಣು ಕೂತಿರುತ್ತದೆ. ಅದರ ಬಳಿ ಯಾರ ಜೊತೆಗೂ ಹಂಚಿಕೊಳ್ಳದ ಒಂದು ಜೋಡಿ ಎಲೆಕ್ಟ್ರಾನ್ ಇರುತ್ತದೆ. ಸುತ್ತ ಆಮ್ಲ ಇದ್ದರೆ ಆ ಜೋಡಿ ಒಂದು ಪ್ರೋಟಾನನ್ನು ಹಿಡಿದುಕೊಳ್ಳುತ್ತದೆ, ಇಡೀ ಅಣುವಿಗೆ ಧನ ವಿದ್ಯುದಂಶ ಬರುತ್ತದೆ, ಅಣು ಲವಣವಾಗಿ ನೀರಿನಲ್ಲಿ ಕರಗುತ್ತದೆ. ಕ್ಷಾರ ಸುರಿದರೆ ಪ್ರೋಟಾನ್ ಕಳಚಿಕೊಳ್ಳುತ್ತದೆ; ವಿದ್ಯುದಂಶ ಹೋದ ಮೇಲೆ ಅದೇ ಅಣುವಿಗೆ ನೀರು ಬೇಡವಾಗಿ, ಈಥರ್ ಅಥವಾ ಕ್ಲೋರೊಫಾರ್ಮಿನಂಥ ದ್ರಾವಕಕ್ಕೆ ಜಿಗಿಯುತ್ತದೆ.

ಗಿಡದ ಮಿಕ್ಕ ಅಣುಗಳಿಗೆ ಈ ಚಾಳಿ ಇಲ್ಲ. ಹರಿತ್ತು, ಮೇಣ, ಕೊಬ್ಬು ಯಾವಾಗಲೂ ಎಣ್ಣೆಯ ದಡದಲ್ಲಿ. ಸಕ್ಕರೆ, ಖನಿಜ ಲವಣ ಯಾವಾಗಲೂ ನೀರಿನ ದಡದಲ್ಲಿ. ಆಲ್ಕಲಾಯ್ಡ್ ಮಾತ್ರ ಕರೆದ ಕಡೆ ಬರುತ್ತದೆ. ಹಾಗಾಗಿ ಆಮ್ಲ ಬೆರೆಸಿ ನೀರಿಗೆ ಕರೆದು, ಉಳಿದ ಎಣ್ಣೆಯ ಪದರವನ್ನು ಬೇರೆ ಮಾಡಿ, ಕ್ಷಾರ ಬೆರೆಸಿ ದ್ರಾವಕಕ್ಕೆ ಕರೆದು, ಉಳಿದ ನೀರನ್ನು ಚೆಲ್ಲಿದರೆ ಸಾವಿರಾರು ಬಗೆಯ ಅಣುಗಳಿದ್ದ ಕಡು ಹಸಿರು ಸಾರ ಕೆಲವೇ ಆಲ್ಕಲಾಯ್ಡ್‌ಗಳ ಗುಂಪಾಗಿ ಇಳಿಯುತ್ತದೆ. ಪಠ್ಯಪುಸ್ತಕದ ಚಿತ್ರದಲ್ಲಿ ಎರಡು ಪದರಗಳು ಗೆರೆ ಎಳೆದಂತೆ ನಿಲ್ಲುತ್ತವೆ. ಪ್ರಯೋಗಾಲಯದಲ್ಲಿ ಹಾಗಾಗುವುದು ಕಡಿಮೆ. ಗಿಡಗಳಲ್ಲಿ ಸೋಪಿನ ಗುಣದ ಸಾಪೊನಿನ್‌ಗಳಿರುತ್ತವೆ. ಬೇರ್ಪಡಿಸುವ ಬುರುಡೆಯನ್ನು ಸ್ವಲ್ಪ ಜೋರಾಗಿ ಕುಲುಕಿದರೂ ಎರಡು ಪದರದ ನಡುವೆ ದಪ್ಪ ನೊರೆ ಕಟ್ಟಿ, ಅದು ಒಡೆಯಲಿ ಎಂದು ಮಾರನೆಯ ಬೆಳಗಿನವರೆಗೆ ಕಾಯಬೇಕಾಗುತ್ತದೆ. ಪ್ರಬಂಧಗಳಲ್ಲಿ ಈ ಕಾಯುವಿಕೆಗೆ ಜಾಗ ಇರುವುದಿಲ್ಲ.

ಈ ದಾರಿಯ ಮೊದಲ ಹೆಜ್ಜೆ ಇಟ್ಟವನು ಒಬ್ಬ ಔಷಧಿ ಅಂಗಡಿಯ ಸಹಾಯಕ. ಪಾಡರ್‌ಬೋರ್ನ್ ಊರಿನ ಫ್ರೀಡ್ರಿಷ್ ಸೆರ್ಟ್ಯೂರ್ನರ್ ಹತ್ತೊಂಬತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಅಫೀಮಿನ ಸಾರಕ್ಕೆ ಅಮೋನಿಯಾ ಸುರಿದ, ತಳದಲ್ಲಿ ಹರಳು ಕೂತಿತು. ನಿದ್ದೆ ತರಿಸುವುದು ಆ ಹರಳೇ ಎಂದು ನಾಯಿಗಳ ಮೇಲೆ ಪ್ರಯೋಗಿಸಿ ಹೇಳಿದ. ಗಿಡದ ಸತ್ವವೆಂದರೆ ಆಮ್ಲವೇ ಎಂದು ಆಗಿನ ವಿದ್ವಾಂಸರು ನಂಬಿದ್ದರಿಂದ ಇವನ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 1817ರಲ್ಲಿ ಮತ್ತೆ ಬರೆದ. ಈ ಸಲ ತಾನೂ ಮೂವರು ಹುಡುಗರೂ ಸೇರಿ ಅದನ್ನು ನುಂಗಿ, ಕೊನೆಗೆ ವಿನೆಗರ್ ಕುಡಿದು ವಾಂತಿ ಮಾಡಿಕೊಂಡು ಪಾರಾದ ವಿವರವನ್ನೂ ಸೇರಿಸಿದ. ಪ್ರಯೋಗದ ಮಟ್ಟಿಗೆ ಅದು ಹುಚ್ಚುತನ. ತರ್ಕದ ಮಟ್ಟಿಗೆ ಮಾತ್ರ ಇವತ್ತಿಗೂ ಸರಿ: ಬೇರ್ಪಡಿಸಿದ್ದನ್ನು ತೋರಿಸಿದರೆ ಸಾಲದು, ಪರಿಣಾಮ ಅದರ ಜೊತೆಗೇ ಬಂದಿದೆ ಎಂದೂ ತೋರಿಸಬೇಕು. ನಿದ್ದೆ, ಕನಸುಗಳ ಗ್ರೀಕ್ ದೇವತೆ ಮಾರ್ಫಿಯಸ್‌ನ ಹೆಸರಿನಿಂದ ಅದು ಮಾರ್ಫೀನ್ ಆಯಿತು.

ಆಮೇಲೆ ಕಟ್ಟೆ ಒಡೆದಂತೆ. ಪ್ಯಾರಿಸ್ಸಿನ ಪೆಲ್ಟಿಯೇ ಮತ್ತು ಕವಾಂಟೂ ಜೋಡಿ 1818ರಲ್ಲಿ ಸ್ಟ್ರಿಕ್ನಿನ್, 1820ರಲ್ಲಿ ಸಿಂಕೋನಾ ತೊಗಟೆಯಿಂದ ಕ್ವಿನೈನ್ ತೆಗೆದರು. 1850ರಲ್ಲಿ ಬೆಲ್ಜಿಯಂನ ರಸಾಯನವಿಜ್ಞಾನಿ ಜಾನ್ ಸ್ಟಾಸ್ ಇದೇ ಆಮ್ಲ, ಕ್ಷಾರ, ಈಥರಿನ ಉಪಾಯವನ್ನು ಗಿಡ ಬಿಟ್ಟು ಹೆಣಕ್ಕೆ ಬಳಸಿದ. ಬೊಕಾರ್ಮೆಯ ಜಮೀನ್ದಾರ ತನ್ನ ಭಾವಮೈದುನನನ್ನು ಹೊಗೆಸೊಪ್ಪಿನಿಂದ ಇಳಿಸಿದ ನಿಕೋಟಿನ್ ಕುಡಿಸಿ ಕೊಂದಿದ್ದ. ಸತ್ತವನ ಅಂಗಾಂಶಗಳಿಂದ ಸ್ಟಾಸ್ ನಿಕೋಟಿನ್ ಹೊರತೆಗೆದು ತೋರಿಸಿದ. ಕೊಲೆಗಾರನಿಗೆ ಮರಣದಂಡನೆಯಾಯಿತು. ಸಸ್ಯವಿಷ ದೇಹದೊಳಗೆ ಹೋದ ಮೇಲೆ ಗುರುತು ಸಿಗುವುದಿಲ್ಲ ಎಂಬ ಧೈರ್ಯ ಅಲ್ಲಿಗೆ ಮುಗಿಯಿತು.

ಉಪಾಯ ಕೈಕೊಡುವ ಕಡೆ

ಎಲ್ಲ ಆಲ್ಕಲಾಯ್ಡೂ ಹೀಗೆ ಕರೆದಲ್ಲಿ ಬರುವುದಿಲ್ಲ. ಕರಿಮೆಣಸಿನ ಪೈಪರೀನ್, ಗೌರಿಹೂವಿನ ಗೆಡ್ಡೆಯ ಕಾಲ್ಚಿಸಿನ್ ಇವುಗಳಲ್ಲಿ ಸಾರಜನಕದ ಎಲೆಕ್ಟ್ರಾನ್ ಜೋಡಿ ಪಕ್ಕದ ಆಮ್ಲಜನಕದ ಕಡೆ ವಾಲಿಕೊಂಡಿರುತ್ತದೆ, ಪ್ರೋಟಾನ್ ಹಿಡಿಯಲು ಪುರುಸೊತ್ತಿಲ್ಲ. ಮರದರಿಶಿನದ ಬರ್ಬೆರಿನ್ ಇನ್ನೊಂದು ತುದಿ: ಅದರ ಸಾರಜನಕಕ್ಕೆ ಶಾಶ್ವತವಾದ ಧನ ವಿದ್ಯುದಂಶ, ಕ್ಷಾರ ಸುರಿದರೂ ನೀರನ್ನು ಬಿಟ್ಟು ಅಷ್ಟು ಸುಲಭವಾಗಿ ಹೊರಡುವುದಿಲ್ಲ. ವಿಧಾನವನ್ನು ಕುರುಡಾಗಿ ನಡೆಸಿದವರು ಬರ್ಬೆರಿನ್ ಇರುವ ನೀರನ್ನೇ ಚೆಲ್ಲಿ, ಗಿಡದಲ್ಲಿ ಏನೂ ಇಲ್ಲ ಎಂದು ಬರೆದುಕೊಂಡಾರು.

ಇದಕ್ಕೆ ಸರ್ಪಗಂಧಕ್ಕಿಂತ ಒಳ್ಳೆಯ ಪಾಠ ನನಗೆ ಕಂಡಿಲ್ಲ. 1931ರಲ್ಲಿ ದೆಹಲಿಯಲ್ಲಿ ಸಲೀಮುಝ್ಝಮಾನ್ ಸಿದ್ದಿಕಿ ಮತ್ತು ಸಂಗಡಿಗರು ಅದರ ಬೇರಿನಿಂದ ಹಲವು ಆಲ್ಕಲಾಯ್ಡ್‌ಗಳನ್ನು ಹರಳು ರೂಪದಲ್ಲಿ ತೆಗೆದರು. ಒಂದಕ್ಕೆ ಹಕೀಂ ಅಜ್ಮಲ್ ಖಾನರ ನೆನಪಿಗೆ ಅಜ್ಮಲಿನ್ ಎಂದು ಹೆಸರಿಟ್ಟರು. ಚೊಕ್ಕಟವಾದ ಕೆಲಸ. ಆದರೆ ಸರ್ಪಗಂಧ ಹೆಸರಾಗಿದ್ದದ್ದು ಮನಸ್ಸನ್ನು ಶಾಂತಗೊಳಿಸುವುದಕ್ಕೆ, ಆ ಗುಣ ಈ ಹರಳುಗಳಲ್ಲಿ ಸಿಗಲಿಲ್ಲ. 1940ರ ದಶಕದಲ್ಲಿ ಭಾರತೀಯ ಸಂಶೋಧಕರು ಗಮನಿಸಿದ್ದು, ನಿದ್ದೆ ತರಿಸುವ ಗುಣ ಹರಳುಗಳಲ್ಲಲ್ಲ, ಅಂಟಂಟಾದ ರಾಳದಂಥ ಉಳಿಕೆಯಲ್ಲಿದೆ ಎಂದು. ಕೊನೆಗೆ 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ಮ್ಯೂಲರ್, ಶ್ಲಿಟ್ಲರ್ ಮತ್ತು ಬೈನ್ ಆ ರಾಳವನ್ನೇ ಬೆನ್ನುಹತ್ತಿ ರಿಸರ್ಪಿನ್ ತೆಗೆದರು. ರಿಸರ್ಪಿನ್ ಬಹಳ ದುರ್ಬಲ ಕ್ಷಾರ. ಆಮ್ಲ ಇದ್ದರೂ ಕ್ಲೋರೊಫಾರ್ಮಿಗೇ ಅಂಟಿಕೊಳ್ಳುತ್ತದೆ, ಅದಕ್ಕೇ ಆಲ್ಕಲಾಯ್ಡ್ ಇರಬೇಕಾದ ಭಾಗದಲ್ಲಿ ಅದು ಇರಲಿಲ್ಲ. ರಸಾಯನಶಾಸ್ತ್ರದ ನಿಯಮವನ್ನು ನಂಬಿದವರು ಅದನ್ನು ಬದಿಗಿಟ್ಟರು, ಪ್ರಾಣಿಯ ನಿದ್ದೆಯನ್ನು ನಂಬಿದವರು ಹಿಡಿದರು.

ಈ ಎರಡನೆಯ ರೀತಿಗೆ ಜೈವಿಕ ಪರೀಕ್ಷೆಯ ದಾರಿ ಎನ್ನುತ್ತಾರೆ. ಸಾರವನ್ನು ನಾಲ್ಕು ಪಾಲು ಮಾಡು, ನಾಲ್ಕನ್ನೂ ಪರೀಕ್ಷಿಸು, ಪರಿಣಾಮ ತೋರಿಸಿದ ಪಾಲನ್ನು ಮತ್ತೆ ಒಡೆ, ಮತ್ತೆ ಪರೀಕ್ಷಿಸು. ಯಾವ ಪಾಲನ್ನೂ ಕೊನೆಯವರೆಗೆ ಚೆಲ್ಲಬಾರದು. ಕೆಲವೊಮ್ಮೆ ಒಡೆಯುತ್ತ ಹೋದಂತೆ ಪರಿಣಾಮವೇ ಮಾಯವಾಗುತ್ತದೆ: ಒಂದೋ ಅಣು ದಾರಿಯಲ್ಲಿ ಕೆಟ್ಟಿದೆ, ಇಲ್ಲವೇ ಆ ಕೆಲಸಕ್ಕೆ ಎರಡು ಮೂರು ಅಣುಗಳು ಒಟ್ಟಿಗೆ ಬೇಕಿತ್ತು.

ಪಾಲು ಮಾಡುವ ಆಯುಧ ಕ್ರೊಮಟೋಗ್ರಫಿ. ಸಿಲಿಕಾ ಪುಡಿ ತುಂಬಿದ ಕೊಳವೆಯಲ್ಲಿ ದ್ರಾವಕ ಇಳಿಯುತ್ತದೆ. ಪುಡಿಗೆ ಹೆಚ್ಚು ಅಂಟಿಕೊಳ್ಳುವ ಅಣು ಹಿಂದುಳಿಯುತ್ತದೆ, ಕಡಿಮೆ ಅಂಟಿಕೊಳ್ಳುವುದು ಬೇಗ ಹೊರಬರುತ್ತದೆ. ಸಿಲಿಕಾ ಸ್ವಲ್ಪ ಆಮ್ಲ ಸ್ವಭಾವದ್ದು, ಆಲ್ಕಲಾಯ್ಡ್ ಅದಕ್ಕೆ ಬಿಡದೆ ಅಂಟಿ ಉದ್ದ ಬಾಲ ಎಳೆಯುತ್ತದೆ. ದ್ರಾವಕಕ್ಕೆ ಒಂದಿಷ್ಟು ಅಮೋನಿಯಾ ಅಥವಾ ಅಮೀನ್ ಬೆರೆಸಿದರೆ ಬಾಲ ಮೊಟಕಾಗುತ್ತದೆ. ಯಾವ ಪಾಲಿನಲ್ಲಿ ಆಲ್ಕಲಾಯ್ಡ್ ಇದೆ ಎಂದು ತಿಳಿಯಲು ತೆಳು ಪದರದ ತಟ್ಟೆಯ ಮೇಲೆ ಡ್ರಾಗೆಂಡಾರ್ಫ್ ಕಾರಕ ಸಿಂಪಡಿಸುತ್ತಾರೆ. ಬಿಸ್ಮತ್ ಮತ್ತು ಅಯೊಡೈಡ್ ಕೂಡಿದ ಈ ದ್ರಾವಣಕ್ಕೆ ಆಲ್ಕಲಾಯ್ಡ್ ಸಿಕ್ಕಲ್ಲಿ ಕಿತ್ತಳೆ ಬಣ್ಣದ ಚುಕ್ಕೆ ಮೂಡುತ್ತದೆ. ಸಾರಜನಕವೇ ಇಲ್ಲದ ಕೆಲವು ಕೂಮರಿನ್‌ಗಳಿಗೂ ಮೂಡುತ್ತದೆ, ಆದ್ದರಿಂದ ಕಿತ್ತಳೆ ಚುಕ್ಕೆ ಕಂಡೊಡನೆ ಕುಣಿಯಬೇಕಾಗಿಲ್ಲ. ‘ಡ್ರಾಗೆಂಡಾರ್ಫ್ ಪರೀಕ್ಷೆಯಲ್ಲಿ ಆಲ್ಕಲಾಯ್ಡ್ ಇರುವುದು ಕಂಡುಬಂದಿದೆ’ ಎಂಬ ಒಂದೇ ಸಾಲಿನ ಮೇಲೆ ನಿಂತ ಪ್ರಬಂಧಗಳು ಲೆಕ್ಕವಿಲ್ಲದಷ್ಟಿವೆ. ಅವುಗಳಿಂದ ಓದುಗನಿಗೆ ತಿಳಿಯುವುದು ಹೆಚ್ಚೇನಿಲ್ಲ.

ಇದು ಯಾರದು?

ಮೊದಲ ಅನುಮಾನಕ್ಕೆ ಬರೋಣ. ದತ್ತೂರಿಯ ಬಳಗದ ಗಿಡಗಳಿಂದ ಬರುವ ಅಟ್ರೊಪಿನ್ ಎಲ್ಲರಿಗೂ ಗೊತ್ತಿರುವ ಔಷಧಿ. ಗಿಡ ತಯಾರಿಸುವುದು ಹಯೊಸಯಮಿನ್ ಎಂಬ ಒಂದೇ ಕೈಯ ರೂಪವನ್ನು. ಕ್ಷಾರ, ಬಿಸಿ ತಾಗಿದಾಗ ಅದರಲ್ಲಿ ಅರ್ಧದಷ್ಟು ತಿರುಗಿಕೊಂಡು ಕನ್ನಡಿಯ ಬಿಂಬದ ರೂಪವಾಗುತ್ತದೆ. ಎಡಗೈ ಬಲಗೈ ಸಮವಾಗಿ ಬೆರೆತ ಈ ಮಿಶ್ರಣಕ್ಕೇ ಅಟ್ರೊಪಿನ್ ಎಂದು ಹೆಸರು. ಬರ್ಬೆರಿನ್ ಕ್ಷಾರದ ಜೊತೆಗಿದ್ದಾಗ ಕ್ಲೋರೊಫಾರ್ಮಿನೊಂದಿಗೂ ಅಸಿಟೋನಿನೊಂದಿಗೂ ಕೂಡಿ ಹೊಸ ಅಣುಗಳಾಗುತ್ತದೆ. ಹೊಸ ರಚನೆಯಲ್ಲಿ ಕ್ಲೋರಿನ್ ಕಂಡರೆ ಮೊದಲು ಅನುಮಾನಿಸಬೇಕಾದದ್ದು ದ್ರಾವಕವನ್ನು.

ಇನ್ನೂ ಆಳದ ಪ್ರಶ್ನೆ ಗಿಡವೇ ಅದನ್ನು ತಯಾರಿಸಿತೇ ಎಂಬುದು. ಬೆಳಗಿನ ಹೊತ್ತು ಅರಳುವ ಕೆಲವು ಬಳ್ಳಿಗಳಲ್ಲಿ ಎರ್ಗಾಟ್ ಎಂಬ ಶಿಲೀಂಧ್ರದ ಗುಂಪಿನ ಆಲ್ಕಲಾಯ್ಡ್‌ಗಳು ಸಿಕ್ಕಾಗ, ಶಿಲೀಂಧ್ರದ ವಸ್ತು ಹೂಬಳ್ಳಿಯಲ್ಲಿ ಹೇಗೆ ಎಂಬ ಆಶ್ಚರ್ಯ ಇತ್ತು. ಎಲೆಯ ಮೇಲೆ ಪೆರಿಗ್ಲಾಂಡುಲ ಎಂಬ ಶಿಲೀಂಧ್ರ ಒಕ್ಕಲು ಹೂಡಿತ್ತು, ತಯಾರಕ ಅದೇ. ಗಿಡದ್ದೇ ಆದರೂ ಯಾವ ಭಾಗದ್ದು ಎನ್ನುವುದು ಬೇರೆ. ಹೊಗೆಸೊಪ್ಪಿನ ಬೇರಿಗೆ ಟೊಮೆಟೊ ಕಸಿ ಕಟ್ಟಿದರೆ ಟೊಮೆಟೊ ಎಲೆಯಲ್ಲಿ ನಿಕೋಟಿನ್ ತುಂಬುತ್ತದೆ; ಟೊಮೆಟೊ ಬೇರಿಗೆ ಹೊಗೆಸೊಪ್ಪು ಕಟ್ಟಿದರೆ ಎಲೆಯಲ್ಲಿ ನಿಕೋಟಿನ್ ಹೆಚ್ಚುಕಡಿಮೆ ಇರುವುದೇ ಇಲ್ಲ. ಎಲೆಯಲ್ಲಿ ಸಿಗುವುದನ್ನು ಅಡುಗೆ ಮಾಡಿ ಕಳಿಸುವುದು ಬೇರು. ಹುಳು ಎಲೆ ಕಚ್ಚಿದರೆ ತಯಾರಿ ಇನ್ನೂ ಹೆಚ್ಚುತ್ತದೆ. ಆದ್ದರಿಂದ ಯಾವ ಜಾತಿ, ಯಾವ ಭಾಗ, ಯಾವ ಕಾಲದಲ್ಲಿ ಕಿತ್ತದ್ದು ಎಂಬ ವಿವರ ಇಲ್ಲದೆ, ಒಣಗಿಸಿ ಅಂಟಿಸಿದ ಒಂದು ಮಾದರಿ ಸಸ್ಯಸಂಗ್ರಹಾಲಯದಲ್ಲಿ ಇಲ್ಲದೆ, ಮುಂದಿನ ಎಲ್ಲ ರಸಾಯನವೂ ಗಾಳಿಯಲ್ಲಿ ಕಟ್ಟಿದ ಮನೆ.

ರಚನೆ ಓದುವುದು

ಸ್ಟ್ರಿಕ್ನಿನ್ 1818ರಲ್ಲಿ ಕೈಗೆ ಬಂತು. ಅದರ ಪರಮಾಣುಗಳು ಹೇಗೆ ಜೋಡಿಸಿಕೊಂಡಿವೆ ಎಂಬುದನ್ನು ರಾಬರ್ಟ್ ರಾಬಿನ್ಸನ್ ಸರಿಯಾಗಿ ಹೇಳಿದ್ದು 1946ರಲ್ಲಿ. ನಡುವೆ 128 ವರ್ಷ. ಅಣುವನ್ನು ಒಡೆದು, ತುಣುಕುಗಳನ್ನು ಗುರುತಿಸಿ, ಮೊದಲು ಹೇಗಿದ್ದಿರಬೇಕು ಎಂದು ಊಹಿಸುವುದು ಆಗಿನ ದಾರಿ. ಕೈತುಂಬ ಪುಡಿ ಬೇಕಾಗುತ್ತಿತ್ತು. ಈಗ ಕೆಲವು ಮಿಲಿಗ್ರಾಂ ಸಾಕು, ಅದೃಷ್ಟವಿದ್ದರೆ ಕೆಲವೇ ದಿನ. ದ್ರವ್ಯರಾಶಿ ರೋಹಿತಮಾಪಕ ಅಣುವಿನ ತೂಕ ಹೇಳುತ್ತದೆ, ಎನ್‌ಎಂಆರ್ (ಕಾಂತಕ್ಷೇತ್ರದಲ್ಲಿಟ್ಟು ಪರಮಾಣುಗಳ ಸ್ಪಂದನ ಅಳೆಯುವ ವಿಧಾನ) ಪಕ್ಕಪಕ್ಕದ ಪರಮಾಣುಗಳ ನೆಂಟಸ್ತನ ಹೇಳುತ್ತದೆ, ಒಳ್ಳೆಯ ಹರಳು ಸಿಕ್ಕರೆ ಎಕ್ಸ್‌ರೇ ಇಡೀ ಅಣುವಿನ ಚಿತ್ರವನ್ನೇ ಬಿಡಿಸುತ್ತದೆ.

ತೂಕದಲ್ಲೇ ಒಂದು ಸೊಗಸಾದ ಸುಳಿವಿದೆ. ಅಣುವಿನಲ್ಲಿ ಸಾರಜನಕದ ಸಂಖ್ಯೆ ಬೆಸವಾಗಿದ್ದರೆ ಅಣುತೂಕವೂ ಬೆಸ, ಸಮವಾಗಿದ್ದರೆ ಸಮ. ಮಾರ್ಫೀನಿನಲ್ಲಿ ಒಂದು ಸಾರಜನಕ, ತೂಕ 285. ನಿಕೋಟಿನ್‌ನಲ್ಲಿ ಎರಡು, ತೂಕ 162. ಕೆಫೀನ್‌ನಲ್ಲಿ ನಾಲ್ಕು, ತೂಕ 194. ಯಂತ್ರ ಒಂದು ಬೆಸ ಸಂಖ್ಯೆ ತೋರಿಸಿದ ಕೂಡಲೇ ಅನುಭವಿಗಳು ಕುರ್ಚಿಯಲ್ಲಿ ನೆಟ್ಟಗೆ ಕೂರುವುದು ಇದಕ್ಕೇ. ತೂಕ ಸಿಕ್ಕಿದ ಮೇಲೆ ಮೊದಲು ಮಾಡಬೇಕಾದ್ದು ಇದು ಈಗಾಗಲೇ ಗೊತ್ತಿರುವ ಅಣುವೇ ಎಂದು ದತ್ತಾಂಶ ಕೋಶದಲ್ಲಿ ಹುಡುಕುವುದು. ಆರು ತಿಂಗಳು ಬೆವರು ಸುರಿಸಿ ಕೆಫೀನನ್ನು ಮತ್ತೊಮ್ಮೆ ಕಂಡುಹಿಡಿಯುವುದಕ್ಕಿಂತ ಒಂದು ಮಧ್ಯಾಹ್ನ ಹುಡುಕುವುದು ಮೇಲು.

ತೂಕ, ಜೋಡಣೆ ಎರಡೂ ಒಂದೇ ಆಗಿದ್ದು ಪರಮಾಣುಗಳು ಚಾಚಿಕೊಂಡ ದಿಕ್ಕು ಬೇರೆಯಾದರೂ ಗುಣ ಬದಲಾಗುತ್ತದೆ. ಕ್ವಿನೈನ್, ಕ್ವಿನಿಡಿನ್ ಎರಡೂ ಒಂದೇ ತೊಗಟೆಯವು, ಒಂದೇ ಸೂತ್ರದವು. ಮೊದಲನೆಯದು ಮಲೇರಿಯಾ ಔಷಧಿಯಾಗಿ ಹೆಸರು ಮಾಡಿತು, ಎರಡನೆಯದು ಹೃದಯದ ತಪ್ಪಿದ ಲಯವನ್ನು ಸರಿಪಡಿಸಲು ಬಳಕೆಯಾಯಿತು.

ಕೇಳಿದ್ದೊಂದು, ಸಿಕ್ಕಿದ್ದೊಂದು

ಪರಿಣಾಮದ ಅಧ್ಯಯನದಲ್ಲಿ ಯಾವ ಪ್ರಶ್ನೆ ಕೇಳುತ್ತೀರಿ ಎಂಬುದರ ಮೇಲೆ ಉತ್ತರ ನಿಂತಿರುತ್ತದೆ. ನಿತ್ಯಪುಷ್ಪ ಸಕ್ಕರೆ ಕಾಯಿಲೆಗೆ ಒಳ್ಳೆಯದು ಎಂಬ ನಂಬಿಕೆ ಹಲವು ದೇಶಗಳಲ್ಲಿತ್ತು. 1950ರ ದಶಕದಲ್ಲಿ ಕೆನಡಾದ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬಿಯರ್ ಅದನ್ನು ಪರೀಕ್ಷಿಸಲು ಹೊರಟರು. ಎಲೆಯ ಸಾರವನ್ನು ಇಲಿಗಳಿಗೆ ಕುಡಿಸಿದರು, ರಕ್ತದ ಸಕ್ಕರೆ ಕದಲಲಿಲ್ಲ. ಚುಚ್ಚಿ ಕೊಟ್ಟಾಗ ಇಲಿಗಳು ಸೋಂಕಿನಿಂದ ಸತ್ತವು. ಅಲ್ಲಿಗೆ ಕೈತೊಳೆದುಕೊಳ್ಳಬಹುದಿತ್ತು. ಅವರು ಸತ್ತ ಇಲಿಗಳನ್ನು ನೋಡಿದರು: ಬಿಳಿ ರಕ್ತಕಣಗಳು ಕುಸಿದಿದ್ದವು, ಮೂಳೆಯ ಮಜ್ಜೆ ಬರಿದಾಗಿತ್ತು. ಬಿಳಿ ರಕ್ತಕಣವನ್ನು ಕೊಲ್ಲುವ ವಸ್ತು ರಕ್ತದ ಕ್ಯಾನ್ಸರಿಗೆ ಮದ್ದಾದೀತು ಎಂಬ ಯೋಚನೆಯಿಂದ ಬಂದದ್ದು 1958ರ ವಿನ್‌ಬ್ಲಾಸ್ಟಿನ್. ಅದೇ ಹೊತ್ತಿಗೆ ಎಲೈ ಲಿಲ್ಲಿ ಕಂಪನಿಯವರು ಸುಂಡಿಲಿಗಳ ರಕ್ತದ ಕ್ಯಾನ್ಸರಿನ (ಲ್ಯುಕೇಮಿಯಾ) ಮೇಲೆ ಅದೇ ಗಿಡವನ್ನು ಪರೀಕ್ಷಿಸುತ್ತಿದ್ದರು. ವಿನ್‌ಕ್ರಿಸ್ಟಿನ್ ಅಲ್ಲಿಂದ ಬಂತು. ಎರಡೂ ಅಣುಗಳಿಗಿರುವ ವ್ಯತ್ಯಾಸ ಒಂದು ಸಾರಜನಕಕ್ಕೆ ಅಂಟಿದ ಸಣ್ಣ ಗುಂಪು ಮಾತ್ರ. ಎರಡೂ ಜೀವಕೋಶ ಇಬ್ಭಾಗವಾಗಲು ಬೇಕಾದ ಟ್ಯುಬುಲಿನ್ ಎಳೆಗಳನ್ನು ತಡೆಯುತ್ತವೆ. ಆದರೂ ವಿನ್‌ಬ್ಲಾಸ್ಟಿನ್ ಮುಖ್ಯವಾಗಿ ಮಜ್ಜೆಯನ್ನು ಕಾಡುತ್ತದೆ, ವಿನ್‌ಕ್ರಿಸ್ಟಿನ್ ನರಗಳನ್ನು.

ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳು ಸತ್ತವು ಎಂಬ ಸುದ್ದಿಯನ್ನು ಮಾತ್ರ ತುಸು ದೂರ ಇಟ್ಟೇ ಓದಬೇಕು. ಪ್ರಮಾಣ ಏರಿಸುತ್ತ ಹೋದರೆ ಯಾವುದು ತಾನೇ ಕೋಶವನ್ನು ಕೊಲ್ಲದು? ಆರೋಗ್ಯವಂತ ಕೋಶಕ್ಕೂ ರೋಗದ ಕೋಶಕ್ಕೂ ಪರಿಣಾಮದಲ್ಲಿ ಎಷ್ಟು ಅಂತರ, ಆ ಪ್ರಮಾಣ ರಕ್ತದಲ್ಲಿ ಸಿಗುವಂಥದ್ದೇ ಎಂಬುದು ಪ್ರಶ್ನೆ. ಬರ್ಬೆರಿನ್‌ನಂಥ ಹಳದಿ ಅಣು ತಾನೇ ಹೊಳೆಯುತ್ತದೆ. ಹೊಳಪನ್ನು ಅಳೆದು ಫಲಿತಾಂಶ ಹೇಳುವ ಪರೀಕ್ಷೆಯನ್ನು ಸುಲಭವಾಗಿ ದಾರಿ ತಪ್ಪಿಸುತ್ತದೆ. ಶುದ್ಧತೆಯ ಲೆಕ್ಕವೂ ಇದೆ. ನೂರರಲ್ಲಿ 99 ಪಾಲು ಶುದ್ಧ ಎನ್ನುವ ಪುಡಿಯಲ್ಲಿ ಉಳಿದ ಒಂದು ಪಾಲು ಸಾವಿರ ಪಟ್ಟು ಪ್ರಬಲವಾಗಿದ್ದರೆ, ಕೆಲಸ ಮಾಡುತ್ತಿರುವುದು ಆ ಒಂದು ಪಾಲು, ಹೆಸರು ಹೋಗುವುದು 99ಕ್ಕೆ. ಇದನ್ನು ತೀರ್ಮಾನಿಸುವ ಗಟ್ಟಿ ದಾರಿ ಅಣುವನ್ನು ಬೇರೆ ಮೂಲದಿಂದ ತಯಾರಿಸಿ ನೋಡುವುದು. ಗಿಡದ ಸೋಂಕಿಲ್ಲದೆ ತಯಾರಾದ ಅಣುವೂ ಅದೇ ಕೆಲಸ ಮಾಡಿದರೆ ವ್ಯಾಜ್ಯ ಮುಗಿಯಿತು.

ಆದರೆ ಅಂಥ ತಯಾರಿಕೆ ಸುಲಭವಲ್ಲ, ಗಿಡವೂ ಧಾರಾಳಿಯಲ್ಲ. ಸಿಂಕೋನಾ ತೊಗಟೆಯಲ್ಲಿ ಆಲ್ಕಲಾಯ್ಡ್‌ಗಳು ನೂರಕ್ಕೆ ಕೆಲವು ಪಾಲಿನಷ್ಟಿರುತ್ತವೆ. ನಿತ್ಯಪುಷ್ಪದ 1 ಗ್ರಾಂ ವಿನ್‌ಬ್ಲಾಸ್ಟಿನ್‌ಗೆ ಸುಮಾರು 500 ಕಿಲೋ ಒಣ ಎಲೆ ಬೇಕು. 2022ರಲ್ಲಿ ಜೇ ಕೀಸ್ಲಿಂಗ್ ಅವರ ತಂಡ ಯೀಸ್ಟ್‌ಗೆ ಹತ್ತಾರು ಜೀನ್‌ಗಳನ್ನು ಸೇರಿಸಿ, ವಿನ್‌ಬ್ಲಾಸ್ಟಿನ್‌ನ ಎರಡು ಅರ್ಧಗಳಾದ ವಿಂಡೊಲಿನ್ ಮತ್ತು ಕ್ಯಾತರಾಂಥಿನ್ ಅನ್ನು ಅದರಿಂದಲೇ ತಯಾರು ಮಾಡಿಸಿ, ಆಮೇಲೆ ಪ್ರಯೋಗಾಲಯದಲ್ಲಿ ಎರಡನ್ನೂ ಬೆಸೆಯಿತು.

ಬಿದಿರ ಕೊಳವೆಯ ವಿಷ

ಮೂರೂ ಅನುಮಾನಗಳು ಒಂದೇ ಕಡೆ ಕೂಡಿದ ಪ್ರಸಂಗ ಕುರಾರೆಯದು. ದಕ್ಷಿಣ ಅಮೆರಿಕದ ಬೇಟೆಗಾರರು ಬಾಣದ ತುದಿಗೆ ಹಚ್ಚುತ್ತಿದ್ದ ಈ ವಿಷ ತಾಗಿದ ಪ್ರಾಣಿ ಎಚ್ಚರವಿದ್ದರೂ ಕದಲಲಾರದೆ ಉಸಿರುಗಟ್ಟಿ ಸಾಯುತ್ತದೆ. ನರವೂ ಸರಿಯಿದೆ, ಸ್ನಾಯುವೂ ಸರಿಯಿದೆ, ಎರಡರ ನಡುವಿನ ಮಾತುಕತೆ ನಿಂತಿದೆ ಎಂದು 1850ರ ದಶಕದಲ್ಲಿ ಕಪ್ಪೆಗಳ ಮೇಲೆ ತೋರಿಸಿದವನು ಫ್ರಾನ್ಸಿನ ಶರೀರವಿಜ್ಞಾನಿ ಕ್ಲಾಡ್ ಬರ್ನಾರ್. ಅಣು ಸಿಗುವ ಎಷ್ಟೋ ಮೊದಲೇ ಅದು ಎಲ್ಲಿ ತಟ್ಟುತ್ತದೆ ಎಂಬುದು ಗೊತ್ತಾಗಿತ್ತು. 1935ರಲ್ಲಿ ಲಂಡನ್ನಿನ ಹೆರಾಲ್ಡ್ ಕಿಂಗ್ ಮ್ಯೂಸಿಯಂನಲ್ಲಿದ್ದ, ಬಿದಿರ ಕೊಳವೆಯಲ್ಲಿ ತುಂಬಿಟ್ಟ ಹಳೆಯ ಕುರಾರೆಯಿಂದ ಟ್ಯುಬೊಕುರಾರಿನ್ ಬೇರ್ಪಡಿಸಿದ. ಹೆಸರಿನಲ್ಲಿರುವ ‘ಟ್ಯುಬೊ’ ಆ ಕೊಳವೆಯೇ. ಹರಳು ಶುದ್ಧವಾಗಿತ್ತು, ಗಿಡ ಯಾವುದೆಂದು ಗೊತ್ತಿರಲಿಲ್ಲ. ಕಾಂಡ್ರೊಡೆಂಡ್ರಾನ್ ಎಂಬ ಬಳ್ಳಿಯಿಂದ ಅದೇ ಅಣು ಸಿಕ್ಕಿದ್ದು 1943ರಲ್ಲಿ. ಅದಕ್ಕೆ ಒಂದು ವರ್ಷ ಮೊದಲೇ ಮಾಂಟ್ರಿಯಲ್‌ನ ವೈದ್ಯರು ಶುದ್ಧೀಕರಿಸಿದ ಕುರಾರೆ ಸಾರವನ್ನು ಶಸ್ತ್ರಚಿಕಿತ್ಸೆಯಲ್ಲಿ ಸ್ನಾಯುಗಳನ್ನು ಸಡಿಲಿಸಲು ಬಳಸಿಯಾಗಿತ್ತು.

ಕಿಂಗ್ ಬರೆದ ರಚನೆಯಲ್ಲಿ ಎರಡು ಸಾರಜನಕಗಳಿಗೂ ಶಾಶ್ವತ ಧನ ವಿದ್ಯುದಂಶವಿತ್ತು. ಅದನ್ನು ನೋಡಿ ಔಷಧ ತಜ್ಞರು ಎರಡು ತುದಿಯಲ್ಲೂ ವಿದ್ಯುದಂಶವಿರುವ ಸರಳ ಅಣುಗಳನ್ನು ಕಟ್ಟಿದರು. 1948ರ ಡೆಕಾಮೆಥೋನಿಯಂ ಹಾಗೆ ಬಂತು, ಸ್ನಾಯುಗಳನ್ನು ಸಡಿಲಿಸಿಯೂ ತೋರಿಸಿತು. 1970ರಲ್ಲಿ ಎನ್‌ಎಂಆರ್ ಮತ್ತಿತರ ವಿಧಾನಗಳಿಂದ ಮರುಪರೀಕ್ಷೆ ನಡೆದಾಗ ಕಿಂಗ್ ಬರೆದದ್ದು ತಪ್ಪು ಎಂದಾಯಿತು. ಒಂದು ಸಾರಜನಕದಲ್ಲಿ ಒಂದು ಮೀಥೈಲ್ ಗುಂಪು ಕಡಿಮೆ ಇತ್ತು. ಅದು ಶಾಶ್ವತ ವಿದ್ಯುದಂಶದ್ದಲ್ಲ, ಆಮ್ಲ ಕರೆದರೆ ನೀರಿಗೆ, ಕ್ಷಾರ ಕರೆದರೆ ಎಣ್ಣೆಗೆ ಹೋಗುವ ಮಾಮೂಲಿ ಆಲ್ಕಲಾಯ್ಡ್ ಸಾರಜನಕ. ಹಾಗಾದರೆ ತಪ್ಪು ನಕ್ಷೆ ಹಿಡಿದು ಹೊರಟವರಿಗೆ ಮದ್ದು ಸಿಕ್ಕಿದ್ದು ಹೇಗೆ? ರಕ್ತದ ಪಿಎಚ್, ಅಂದರೆ ಆಮ್ಲ-ಕ್ಷಾರದ ಅಳತೆ, 7.4. ಅಷ್ಟು ಸಾಕು, ಅಲ್ಲಿ ಆ ಎರಡನೆಯ ಸಾರಜನಕ ಬಹುಪಾಲು ಒಂದು ಪ್ರೋಟಾನನ್ನು ಹಿಡಿದುಕೊಂಡೇ ಇರುತ್ತದೆ. ಸ್ನಾಯುವಿನ ಬಾಗಿಲಿಗೆ ಬಂದಾಗ ಅಣುವಿನ ಮೇಲೆ ಕಾಣುವುದು, ಕಿಂಗ್ ಬರೆದಂತೆಯೇ, ಎರಡು ಧನ ವಿದ್ಯುದಂಶ.